ಹಾಡು ಕೇಳುವುದು ಬೇರೆ, ಆಲಿಸುವುದು ಬೇರೆ

ಎಸ್ಸೆಸ್ಸೆಲ್ಸಿ ಫಲಿತಾಂಶ ಹೊರಬಿದ್ದ ದಿನ ಯಾವ ಊರಿನಲ್ಲಾದರೂ ಎರಡು ಬಗೆಯ ಮನೆಗಳು ಕಾಣಸಿಗುತ್ತವೆ. ಒಂದು, ಪೇಡೆ ಹಂಚುವ ಮನೆ. ಇನ್ನೊಂದು, ಬಾಗಿಲನ್ನು ಅರ್ಧ ಮುಚ್ಚಿಕೊಂಡ ಮನೆ. ಚನ್ನಗಿರಿಯ ಅಡಿಕೆ ತೋಟಗಳ ನಡುವಿನ ಊರಾಗಲಿ, ತುಂಗಭದ್ರೆಯ ದಂಡೆಯ ಹೊನ್ನಾಳಿಯಾಗಲಿ, ನ್ಯಾಮತಿ ಕಡೆಯ ತಾಂಡಾ ಆಗಲಿ, ಮಳೆಗಾಗಿ ಮುಗಿಲು ನೋಡುವ ಜಗಳೂರಿನ ಹಳ್ಳಿಯಾಗಲಿ, ಈ ಮಾತು ಎಲ್ಲ ಕಡೆಗೂ ಸಲ್ಲುತ್ತದೆ. ಎರಡನೆಯ ಮನೆಯ ಮಕ್ಕಳಲ್ಲಿ ಹಲವರು ಆ ದಿನ ಮಾಡುವುದೂ ಒಂದೇ ಕೆಲಸ. ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೂಲೆ ಸೇರುತ್ತಾರೆ. ಅದನ್ನು ಕಂಡ ಅಪ್ಪನ ಬಾಯಿಂದ ಬರುವ ಮಾತೂ ಬಹುಮಟ್ಟಿಗೆ ಒಂದೇ: ‘ಬಂದಿರೋ ಮಾರ್ಕ್ಸು ನೋಡಿದರೆ ಹಿಂಗೆ, ಇದರ ಮೇಲೆ ಹಾಡು ಬೇರೆ ಕೇಡು!’

ಅಪ್ಪನ ಸಿಟ್ಟಿನ ಹಿಂದೆ ಮಗನ ಭವಿಷ್ಯದ ಚಿಂತೆ ಇದೆ. ಅದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಆ ಹುಡುಗ ಹಾಡು ಕೇಳುತ್ತಿರುವುದು ಸೋಮಾರಿತನದಿಂದಲೋ, ಇಲ್ಲಾ ನೋವಿಗೆ ತಾನೇ ಹುಡುಕಿಕೊಂಡ ಮನೆಮದ್ದು ಅದೋ? ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂದು ಒಂದೇ ಮಾತಿನಲ್ಲಿ ಉತ್ತರಿಸುವುದು ಕಷ್ಟ. ಯಾವ ಹಾಡು ಎಂಬುದಕ್ಕಿಂತ ಹೇಗೆ ಕೇಳುತ್ತಾನೆ ಎಂಬುದರ ಮೇಲೆ ಉತ್ತರ ನಿಂತಿದೆ. ಇತ್ತೀಚಿನ ಮೂರು ದಶಕಗಳ ಸಂಶೋಧನೆ ಈ ‘ಹೇಗೆ’ ಎಂಬುದರ ಬಗ್ಗೆ ವಿದ್ಯಾರ್ಥಿಗಳಿಗೂ ಪಾಲಕರಿಗೂ ಉಪಯುಕ್ತವಾದ ಕೆಲವು ಸಂಗತಿಗಳನ್ನು ತಿಳಿಸಿಕೊಟ್ಟಿದೆ.

ಒಂದು ಭಾಷೆ, ಎರಡು ಮಾತು

ಕನ್ನಡದಲ್ಲಿ ‘ಕೇಳು’ ಎಂಬ ಪದವೂ ಇದೆ, ‘ಆಲಿಸು’ ಎಂಬ ಪದವೂ ಇದೆ. ಬಸ್ ನಿಲ್ದಾಣದಲ್ಲಿ ನಿಂತವನಿಗೆ ಹಾರ್ನು ಕೇಳುತ್ತದೆ, ಕಡಲೆಕಾಯಿ ಮಾರುವವನ ಕೂಗು ಕೇಳುತ್ತದೆ, ಹೋಟೆಲಿನ ಹಾಡೂ ಕೇಳುತ್ತದೆ. ಇದಕ್ಕೆ ಮನಸ್ಸು ಬೇಕಿಲ್ಲ, ಕಿವಿ ತೆರೆದಿದ್ದರೆ ಸಾಕು. ಆಲಿಸುವುದು ಹಾಗಲ್ಲ. ಅದಕ್ಕೆ ಕಿವಿಯ ಜೊತೆ ಮನಸ್ಸೂ ಬಂದು ಕೂರಬೇಕು. ಮನೋವಿಜ್ಞಾನಿಗಳು ಇಂದು ಸಾವಧಾನ ಎಂದು ಕರೆಯುವ ಅಭ್ಯಾಸದ ತಿರುಳು ಈ ಒಂದು ಪದದಲ್ಲೇ ಅಡಗಿದೆ ಎನ್ನಬಹುದು. ಈ ಕ್ಷಣದಲ್ಲಿ ನಡೆಯುತ್ತಿರುವುದರ ಮೇಲೆ, ಒಳ್ಳೆಯದು ಕೆಟ್ಟದ್ದು ಎಂದು ತೀರ್ಪು ಕೊಡದೆ, ಬೇಕೆಂದೇ ಗಮನವಿಡುವುದೇ ಸಾವಧಾನ. ಬೌದ್ಧ ಧ್ಯಾನಪದ್ಧತಿಯಿಂದ ಬಂದ ಈ ಅಭ್ಯಾಸವನ್ನು ಜಾನ್ ಕಬಾಟ್-ಜಿನ್ ಎಂಬುವರು 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ರೋಗಿಗಳ ಒತ್ತಡ ತಗ್ಗಿಸುವ ಸಲುವಾಗಿ ಬಳಕೆಗೆ ತಂದರು.

ಹಿಂದಿನ ತಲೆಮಾರಿಗೆ ಆಲಿಸುವ ಪಾಠವನ್ನು ಯಾರೂ ಪ್ರತ್ಯೇಕವಾಗಿ ಹೇಳಿಕೊಡಬೇಕಾಗಿರಲಿಲ್ಲ. ಆಗಿನ ಸಾಧನಗಳೇ ಅದನ್ನು ಕಲಿಸುತ್ತಿದ್ದವು. 1965ರಲ್ಲಿ ಆರಂಭವಾದ ಭದ್ರಾವತಿ ಆಕಾಶವಾಣಿ ಕೇಂದ್ರ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಭಾಗದ ಮನೆಗಳಿಗೆ ದಶಕಗಳ ಕಾಲ ಹಾಡು ಮುಟ್ಟಿಸಿತು. ಜಗಳೂರಿನವರಿಗೆ ಚಿತ್ರದುರ್ಗದ ಕೇಂದ್ರ ಹತ್ತಿರ. ರೇಡಿಯೊದಲ್ಲಿ ಮುಂದಿನ ಹಾಡು ಯಾವುದೆಂದು ಕೇಳುಗನಿಗೆ ಗೊತ್ತಿಲ್ಲ. ಬೇಡವಾದದ್ದನ್ನು ದಾಟಿಸುವ ಗುಂಡಿಯೂ ಇಲ್ಲ. ಬಂದದ್ದನ್ನು ಪೂರ್ತಿ ಕೇಳಬೇಕು, ಮೆಚ್ಚಿದ್ದು ಮತ್ತೆ ಬರಲೆಂದು ಕಾಯಬೇಕು. ಆಮೇಲೆ ಬಂದ ಕ್ಯಾಸೆಟ್ಟಿನದೂ ಇದೇ ಕತೆ. ಅರವತ್ತು ನಿಮಿಷದ ಕ್ಯಾಸೆಟ್ಟಿನಲ್ಲಿ ಒಂದು ಬದಿಗೆ ಮೂವತ್ತು ನಿಮಿಷ. ಮೈಸೂರು ಅನಂತಸ್ವಾಮಿ, ಸಿ. ಅಶ್ವತ್ಥ್, ಶಿವಮೊಗ್ಗ ಸುಬ್ಬಣ್ಣ ಅವರ ಭಾವಗೀತೆಗಳನ್ನು ಆ ಮೂವತ್ತು ನಿಮಿಷ ಒಂದೇ ಪಟ್ಟಿನಲ್ಲಿ ಕೇಳಿದ ಅಪ್ಪ ಅಮ್ಮಂದಿರು ಈ ತಾಲ್ಲೂಕುಗಳಲ್ಲಿ ಬಹಳ ಮಂದಿ ಇದ್ದಾರೆ.

ಇಂದು ಮೊಬೈಲಿನಲ್ಲಿ ಲಕ್ಷಾಂತರ ಹಾಡುಗಳು ಕೈಬೆರಳಿನ ತುದಿಗೇ ಬಂದಿವೆ. ಅನುಕೂಲವೇನೋ ಹೌದು. ಆದರೆ ಪಲ್ಲವಿ ಮುಗಿಯುವುದರೊಳಗೆ ಬೆರಳು ಮುಂದಿನ ಹಾಡಿಗೆ ಹಾರುತ್ತದೆ. ನಡುವೆ ಜಾಹೀರಾತು ಬರುತ್ತದೆ, ವಾಟ್ಸ್‌ಆ್ಯಪ್ ಸಂದೇಶ ಬರುತ್ತದೆ. ಹಾಡಿನ ಪ್ರಮಾಣ ಹೆಚ್ಚಿತು, ಆಲಿಕೆ ಕಡಿಮೆಯಾಯಿತು.

ದೇಹದೊಳಗೆ ನಡೆಯುವುದೇನು?

ಹಾಡು ಮನಸ್ಸಿಗೆ ಹಿತ ಎಂಬುದು ಎಲ್ಲರಿಗೂ ಅನುಭವದಿಂದ ಗೊತ್ತು. ಹಿತವಾಗುವುದು ಹೇಗೆ ಎಂಬುದನ್ನು ಪ್ರೌಢಶಾಲೆಯ ಜೀವವಿಜ್ಞಾನದ ತಿಳಿವಳಿಕೆಯಿಂದಲೇ ಸುಮಾರಾಗಿ ಅರ್ಥಮಾಡಿಕೊಳ್ಳಬಹುದು.

ಗಾಳಿಯಲ್ಲಿ ಅಲೆಯಾಗಿ ಬಂದ ಶಬ್ದ ಕಿವಿಯ ತಮಟೆಯನ್ನು ನಡುಗಿಸುತ್ತದೆ. ಅದರ ಹಿಂದಿರುವ ಮೂರು ಪುಟ್ಟ ಮೂಳೆಗಳು ಆ ನಡುಕವನ್ನು ಬಸವನಹುಳುವಿನ ಚಿಪ್ಪಿನಂತೆ ಸುತ್ತಿಕೊಂಡಿರುವ ಒಳಗಿವಿಗೆ ದಾಟಿಸುತ್ತವೆ. ಅಲ್ಲಿನ ರೋಮಕೋಶಗಳು ಅದನ್ನು ನರದ ಸಂಕೇತವಾಗಿ ಬದಲಿಸಿ ಮೆದುಳಿಗೆ ಕಳಿಸುತ್ತವೆ. ಮೆದುಳಿನಲ್ಲಿ ಈ ಸಂಕೇತ ಶಬ್ದವನ್ನು ಗುರುತಿಸುವ ಭಾಗಕ್ಕೆ ಮಾತ್ರ ಹೋಗಿ ನಿಲ್ಲುವುದಿಲ್ಲ. ಭಯ, ಸಂತೋಷಗಳಿಗೆ ಸಂಬಂಧಿಸಿದ ಭಾಗಗಳಿಗೂ ನೆನಪಿಗೆ ಸಂಬಂಧಿಸಿದ ಭಾಗಕ್ಕೂ ತಲುಪುತ್ತದೆ. ಎಂದೋ ಜಾತ್ರೆಯಲ್ಲಿ ಕೇಳಿದ ಹಾಡು ಮತ್ತೆ ಕಿವಿಗೆ ಬಿದ್ದಾಗ ಜಾತ್ರೆಯೇ ಕಣ್ಣ ಮುಂದೆ ಬರುವುದು ಇದರಿಂದಲೇ.

ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯದ ವಿಜ್ಞಾನಿಗಳು 2011ರಲ್ಲಿ ಪ್ರಕಟಿಸಿದ ಒಂದು ಅಧ್ಯಯನ ಇನ್ನೊಂದು ಸ್ವಾರಸ್ಯವನ್ನು ತಿಳಿಸಿತು. ಮೈ ಜುಮ್ಮೆನ್ನಿಸುವಂಥ ಸಂಗೀತ ಕೇಳುವಾಗ ಮೆದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಮೆಚ್ಚಿನ ಘಟ್ಟ ಬಂದಾಗ ಮಾತ್ರವಲ್ಲ, ‘ಇನ್ನೇನು ಬರುತ್ತದೆ’ ಎಂದು ಮನಸ್ಸು ಕಾಯುವಾಗಲೂ ಅದು ಬಿಡುಗಡೆಯಾಗುತ್ತದೆ. ಕಾಯುವುದೇ ಸುಖದ ಒಂದು ಪಾಲು ಎಂದಾಯಿತು. ಅರ್ಧಕ್ಕೇ ಹಾಡು ಬದಲಿಸುವವರು ಈ ಪಾಲನ್ನು ಕಳೆದುಕೊಳ್ಳುತ್ತಾರೆ.

ಇನ್ನು ಹೃದಯ ಮತ್ತು ಉಸಿರಿನ ಮಾತು. ಉಸಿರು ಒಳಗೆಳೆದುಕೊಳ್ಳುವಾಗ ಹೃದಯದ ಬಡಿತ ತುಸು ಚುರುಕಾಗುತ್ತದೆ, ಹೊರಬಿಡುವಾಗ ತುಸು ನಿಧಾನವಾಗುತ್ತದೆ. ಮಣಿಕಟ್ಟಿನ ನಾಡಿ ಹಿಡಿದು ನೋಡಿದರೆ ಎಳೆಯರಲ್ಲಿ ಇದು ಕೆಲವೊಮ್ಮೆ ಚೆನ್ನಾಗಿಯೇ ಗೊತ್ತಾಗುತ್ತದೆ. ಹೃದಯಕ್ಕೆ ಕಡಿವಾಣ ಹಾಕುವ ವೇಗಸ್ ಎಂಬ ನರದ ಕೆಲಸವಿದು. ನಿಧಾನ ಲಯದ ಹಾಡಿಗೆ ಕಿವಿಗೊಟ್ಟಾಗ ಉಸಿರು ತಾನಾಗಿಯೇ ನಿಧಾನವಾಗುವುದುಂಟು. ಉಸಿರಿನ ಹಿಂದೆ ಹೃದಯವೂ ನಿಧಾನವಾಗುತ್ತದೆ.

ಲೂಸಿಯಾನೊ ಬರ್ನಾರ್ಡಿ ಎಂಬ ಇಟಲಿಯ ವೈದ್ಯ ವಿಜ್ಞಾನಿ ಮತ್ತು ಸಂಗಡಿಗರು 2006ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನೆಯತಕ್ಕದ್ದು. ಸಂಗೀತ ಬಲ್ಲ 12 ಮಂದಿ, ಬಾರದ 12 ಮಂದಿಗೆ ಅವರು ಆರು ಬಗೆಯ ಸಂಗೀತ ಕೇಳಿಸಿದರು. ಅದರಲ್ಲಿ ಭಾರತೀಯ ರಾಗವೂ ಇತ್ತು. ವೇಗದ ಲಯಕ್ಕೆ ಉಸಿರಾಟ, ರಕ್ತದೊತ್ತಡ, ಹೃದಯದ ಬಡಿತ ಏರಿದವು. ಆದರೆ ಎಲ್ಲರ ಗಮನ ಸೆಳೆದದ್ದು ಇನ್ನೊಂದು ಅಂಶ. ನಡುವೆ ಎರಡು ನಿಮಿಷ ಸಂಗೀತ ನಿಲ್ಲಿಸಿ ಮೌನ ಕಾಯ್ದುಕೊಂಡಾಗ ಕೇಳುಗರ ದೇಹ ಸಂಗೀತ ಆರಂಭಿಸುವುದಕ್ಕೆ ಮುಂಚಿಗಿಂತಲೂ ಹೆಚ್ಚು ವಿಶ್ರಾಂತ ಸ್ಥಿತಿಗೆ ಬಂದಿತ್ತು. ಹಾಡು ಮುಗಿದ ಮೇಲಿನ ಮೌನವೂ ಆಲಿಕೆಯ ಭಾಗ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ರಾಗ ಮಾತ್ರೆಯಲ್ಲ

ಸಂಗೀತದ ಬಗ್ಗೆ ಉತ್ಸಾಹದಲ್ಲಿ ಅತಿಯಾಗಿ ಹೇಳುವವರಿಗೂ ಕೊರತೆಯಿಲ್ಲ. ಇಂಥ ರಾಗ ಕೇಳಿದರೆ ಇಂಥ ಕಾಯಿಲೆ ವಾಸಿ, ಇಂಥ ಸಂಗೀತ ಕೇಳಿದರೆ ಮಗುವಿನ ಬುದ್ಧಿ ಚುರುಕು ಎಂಬ ಮಾತುಗಳು ಮೊಬೈಲಿನಲ್ಲಿ ಹರಿದಾಡುತ್ತವೆ. ಇವುಗಳನ್ನು ನಂಬುವ ಮುನ್ನ ಒಂದು ಹಳೆಯ ಪ್ರಸಂಗ ತಿಳಿದಿರಬೇಕು.

1993ರಲ್ಲಿ ಅಮೆರಿಕದ ಕೆಲವು ಸಂಶೋಧಕರು 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್‌ನ ಸಂಗೀತ ಕೇಳಿಸಿ ಪರೀಕ್ಷೆ ಮಾಡಿದರು. ಆಕಾರಗಳನ್ನು ಮನಸ್ಸಿನಲ್ಲೇ ತಿರುಗಿಸಿ ನೋಡುವಂಥ ಲೆಕ್ಕಗಳಲ್ಲಿ ಅವರು ತುಸು ಮುಂದಿದ್ದರು. ಈ ಪರಿಣಾಮ ಉಳಿದದ್ದು ಹತ್ತು ಹದಿನೈದು ನಿಮಿಷ ಮಾತ್ರ. ಅಷ್ಟಕ್ಕೇ ‘ಮೊಜಾರ್ಟ್ ಕೇಳಿದರೆ ಮಕ್ಕಳು ಬುದ್ಧಿವಂತರಾಗುತ್ತಾರೆ’ ಎಂದು ಪ್ರಚಾರವಾಯಿತು. 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟುವ ಪ್ರತಿ ಮಗುವಿಗೂ ಸಂಗೀತದ ಧ್ವನಿಮುದ್ರಿಕೆ ಕೊಡಿಸಲು ಸರ್ಕಾರದ ಹಣ ಕೇಳಿದರು. ಮುಂದಿನ ಪರೀಕ್ಷೆಗಳಲ್ಲಿ ಆ ಪ್ರಚಾರಕ್ಕೆ ಬೆಂಬಲ ಸಿಗಲಿಲ್ಲ. ಮೆಚ್ಚಿದ್ದನ್ನು ಕೇಳಿದಾಗ ಮನಸ್ಸು ಸ್ವಲ್ಪ ಹೊತ್ತು ಲವಲವಿಕೆಯಿಂದಿರುತ್ತದೆ, ಅಷ್ಟೇ ಎಂಬುದು ಹೆಚ್ಚಿನವರ ಅಭಿಪ್ರಾಯ.

ನಮ್ಮ ರಾಗಗಳ ಬಗ್ಗೆಯೂ ಅಧ್ಯಯನಗಳು ನಡೆದಿವೆ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದವರು 2015ರಲ್ಲಿ ಹನ್ನೆರಡು ಹಿಂದೂಸ್ತಾನಿ ರಾಗಗಳನ್ನು ಕೇಳುಗರ ಮುಂದಿಟ್ಟು ಅವರ ಭಾವನೆಗಳನ್ನು ದಾಖಲಿಸಿದರು. ಅದೇ ರಾಗವನ್ನು ತಾಳವಿಲ್ಲದ ಆಲಾಪದಲ್ಲಿ ಕೇಳಿದಾಗ ಒಂದು ಭಾವ, ತಾಳಬದ್ಧವಾದ ‘ಗತ್’ನಲ್ಲಿ ಕೇಳಿದಾಗ ಇನ್ನೊಂದು ಭಾವ ಮೂಡುವುದು ಕಂಡುಬಂತು. ಸ್ವರಗಳಷ್ಟೇ ಲಯವೂ ಮುಖ್ಯ ಎಂದಾಯಿತು. ಹೀಗಿರುವಾಗ ರಾಗದ ಹೆಸರನ್ನು ಮಾತ್ರೆಯ ಚೀಟಿಯಂತೆ ಬರೆದುಕೊಡುವುದು ಸರಿಯಾಗದು.

ಹಾಗೆಂದು ಸಂಗೀತಕ್ಕೆ ಚಿಕಿತ್ಸೆಯಲ್ಲಿ ಸ್ಥಾನವೇ ಇಲ್ಲವೆಂದಲ್ಲ. ಖಿನ್ನತೆಗೆ ಸಂಗೀತ ಚಿಕಿತ್ಸೆ ಕುರಿತ ಒಂಬತ್ತು ಅಧ್ಯಯನಗಳನ್ನು, ಒಟ್ಟು 421 ಮಂದಿಯ ವಿವರಗಳನ್ನು, 2017ರ ಕಾಕ್ರೇನ್ ಪರಿಶೀಲನೆ ಒಟ್ಟುಗೂಡಿಸಿ ನೋಡಿತು. ಮಾಮೂಲಿ ಚಿಕಿತ್ಸೆಯ ಜೊತೆಗೆ ಸಂಗೀತ ಚಿಕಿತ್ಸೆಯೂ ಸೇರಿದಾಗ ಅಲ್ಪಾವಧಿಯಲ್ಲಿ ಹೆಚ್ಚು ಗುಣ ಕಂಡಿತು. ‘ಜೊತೆಗೆ’ ಎಂಬ ಮಾತಿಗೆ ಅಡಿಗೆರೆ ಹಾಕಿಕೊಳ್ಳಬೇಕು. ಔಷಧ, ಆಪ್ತಸಮಾಲೋಚನೆಗಳನ್ನು ಬಿಟ್ಟು ಅಲ್ಲ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿಯೂ ಹಿಂದೂಸ್ತಾನಿ ಸಂಗೀತ ಬಲ್ಲ ಮನೋವಿಜ್ಞಾನಿ ಡಾ. ಶಾಂತಲಾ ಹೆಗ್ಡೆ ಅವರು ಸಂಗೀತ ಮತ್ತು ಮೆದುಳಿನ ಸಂಬಂಧವನ್ನು ಕುರಿತು ಸಂಶೋಧನೆ ನಡೆಸುತ್ತ ಬಂದಿದ್ದಾರೆ. ತರಬೇತಿ ಪಡೆದವರು ಕೊಡುವ ಚಿಕಿತ್ಸೆ ಬೇರೆ, ಮನೆಯಲ್ಲಿ ಕುಳಿತು ಹಾಡು ಕೇಳುವುದು ಬೇರೆ. ಎರಡನೆಯದರಿಂದ ಆಗುವ ಉಪಯೋಗ ಚಿಕ್ಕದು, ಆದರೆ ಎಲ್ಲರ ಕೈಗೂ ಎಟುಕುವಂಥದ್ದು.

ಒಳಗಿನ ಬೈಗುಳ

ಆ ಉಪಯೋಗ ಯಾವುದು? ಅದನ್ನು ತಿಳಿಯಲು ನಪಾಸಾದ ವಿದ್ಯಾರ್ಥಿಯ ಮನಸ್ಸಿನೊಳಗೆ ಇಣುಕಿ ನೋಡಬೇಕು. ಹೊರಗೆ ಅಪ್ಪ ಬೈಯುವುದು ಐದು ನಿಮಿಷ. ಒಳಗೆ ಅವನು ತನ್ನನ್ನು ತಾನೇ ಬೈದುಕೊಳ್ಳುವುದು ದಿನವಿಡೀ. ‘ನಾನು ದಡ್ಡ’, ‘ನನ್ನಿಂದ ಏನೂ ಆಗದು’, ‘ಮನೆಯವರ ಮಾನ ಕಳೆದೆ’ ಎಂಬ ಮಾತುಗಳು ಕೆಟ್ಟುಹೋದ ಕ್ಯಾಸೆಟ್ಟಿನಂತೆ ಸುತ್ತುತ್ತಲೇ ಇರುತ್ತವೆ. ಗೆಳೆಯ ನಪಾಸಾಗಿದ್ದರೆ ಅವನಿಗೆ ಯಾರೂ ಹೀಗೆ ಹೇಳುವುದಿಲ್ಲ. ಹೆಗಲ ಮೇಲೆ ಕೈಯಿಟ್ಟು ‘ಹೋಗ್ಲಿ ಬಿಡೋ, ಮತ್ತೆ ಕಟ್ಟಿದರಾಯ್ತು’ ಎನ್ನುತ್ತಾರೆ. ಗೆಳೆಯನಿಗೆ ಸಲ್ಲುವ ಈ ಮಾತು ತನಗೆ ಮಾತ್ರ ಏಕೆ ಸಲ್ಲಬಾರದು?

ತನ್ನ ಬಗ್ಗೆ ತನಗಿರಬೇಕಾದ ಈ ಕರುಣೆಯನ್ನು ಅಮೆರಿಕದ ಮನೋವಿಜ್ಞಾನಿ ಕ್ರಿಸ್ಟಿನ್ ನೆಫ್ ಅವರು 2003ರಲ್ಲಿ ಮೂರು ಅಂಶಗಳಾಗಿ ವಿವರಿಸಿದರು. ಸೋತಾಗ ತನ್ನೊಡನೆ ಒರಟಾಗಿರದೆ ಮೃದುವಾಗಿರುವುದು ಮೊದಲನೆಯದು. ಸೋಲು ತನಗೊಬ್ಬನಿಗೇ ಬಂದದ್ದಲ್ಲ, ಮನುಷ್ಯರಾಗಿ ಹುಟ್ಟಿದ ಎಲ್ಲರಿಗೂ ಇದ್ದದ್ದೇ ಎಂದು ಅರಿಯುವುದು ಎರಡನೆಯದು. ನೋವನ್ನು ಮುಚ್ಚಿಡದೆ, ಹಿಗ್ಗಿಸದೆ, ಇರುವಷ್ಟನ್ನೇ ಸಾವಧಾನವಾಗಿ ನೋಡುವುದು ಮೂರನೆಯದು. ‘ಅಯ್ಯೋ, ನನ್ನ ಹಣೆಬರಹವೇ ಇಷ್ಟು’ ಎಂದು ಮರುಗುತ್ತ ಕೂರುವುದು ಇದಲ್ಲ. ಅದು ಮನುಷ್ಯನನ್ನು ಒಂಟಿ ಮಾಡುತ್ತದೆ. ಇದು ನಾಲ್ಕು ಜನರೊಡನೆ ಕೂರಿಸುತ್ತದೆ.

ಇಲ್ಲಿ ಪಾಲಕರಿಗೆ ಒಂದು ಅನುಮಾನ ಬರುವುದು ಸಹಜ. ಬೈಯದಿದ್ದರೆ ಮಕ್ಕಳು ಓದುತ್ತಾರೆಯೇ? ತನ್ನ ತಪ್ಪಿಗೆ ತಾನೇ ಕರುಣೆ ತೋರಿಸಿಕೊಂಡರೆ ಸೋಮಾರಿಯಾಗುವುದಿಲ್ಲವೇ? ಈ ಪ್ರಶ್ನೆಯನ್ನೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಜೂಲಿಯಾನ ಬ್ರೈನ್ಸ್ ಮತ್ತು ಸೆರೀನಾ ಚೆನ್ ಪರೀಕ್ಷೆಗೊಡ್ಡಿದರು. ವಿದ್ಯಾರ್ಥಿಗಳಿಗೆ ಮೊದಲು ಕಠಿಣ ಪದಗಳ ಪರೀಕ್ಷೆಯೊಂದನ್ನು ಕೊಟ್ಟರು. ಆಮೇಲೆ ಕೆಲವರಿಗೆ, ಇಂಥ ಪರೀಕ್ಷೆಯಲ್ಲಿ ತಡವರಿಸುವುದು ಎಲ್ಲರಿಗೂ ಆಗುವಂಥದ್ದೇ, ತಮ್ಮ ಮೇಲೆ ತಾವೇ ಕಠೋರವಾಗಬೇಡಿ ಎಂದು ಹೇಳಿದರು. ಎರಡನೆಯ ಪರೀಕ್ಷೆಗೆ ಸಿದ್ಧವಾಗುವಾಗ ಹೆಚ್ಚು ಹೊತ್ತು ಕುಳಿತು ಓದಿದವರು ಈ ಗುಂಪಿನವರೇ. 2012ರಲ್ಲಿ ಪ್ರಕಟವಾದ ಈ ಫಲಿತಾಂಶದ ಕಾರಣ ಸರಳ. ಬೈಗುಳಕ್ಕೆ ಹೆದರಿದ ಮನಸ್ಸು ತಪ್ಪನ್ನು ಬಚ್ಚಿಡುವುದರಲ್ಲೇ ದಣಿಯುತ್ತದೆ; ಹೆದರಿಕೆಯಿಲ್ಲದ ಮನಸ್ಸಿಗೆ ತಪ್ಪನ್ನು ನೋಡುವ ಧೈರ್ಯವಿರುತ್ತದೆ. ತಪ್ಪನ್ನು ನೋಡದೆ ತಿದ್ದುವುದಾದರೂ ಹೇಗೆ?

ಹಿರಿಯರು ಕಂಡುಕೊಂಡ ದಾರಿ

ಹಾಡಿನ ಮೂಲಕ ತನ್ನನ್ನು ತಾನು ಸಂತೈಸಿಕೊಳ್ಳುವುದು ನಮ್ಮ ಹಳ್ಳಿಗಳಿಗೆ ಹೊಸ ವಿಷಯವೇನಲ್ಲ. ನಸುಕಿನಲ್ಲಿ ಬೀಸುಕಲ್ಲಿನ ಮುಂದೆ ಕುಳಿತ ಹೆಣ್ಣುಮಗಳು ತವರಿನ ನೆನಪನ್ನೂ ಅತ್ತೆಮನೆಯ ಕಷ್ಟವನ್ನೂ ತ್ರಿಪದಿಯಲ್ಲಿ ಹಾಡಿಕೊಳ್ಳುತ್ತಿದ್ದಳು. ಕಲ್ಲಿನ ಸುತ್ತು ಲಯ ಕೊಡುತ್ತಿತ್ತು, ಹಾಡು ನೋವಿಗೆ ಮಾತು ಕೊಡುತ್ತಿತ್ತು. ಆ ಹಾಡು ಅವಳೊಬ್ಬಳ ಸ್ವಂತದ್ದಲ್ಲ. ಅವಳ ಅಮ್ಮ ಅಜ್ಜಿಯರೂ ಹಾಡಿದ್ದದು. ನನಗಿಂತ ಮೊದಲು ಇದೇ ನೋವನ್ನು ಇನ್ನೊಬ್ಬಳು ಉಂಡಿದ್ದಾಳೆ ಎಂಬ ಸಮಾಧಾನ ಅದರಲ್ಲಿತ್ತು. ನೆಫ್ ಹೇಳಿದ ಎರಡನೆಯ ಅಂಶ ಇದೇ ತಾನೆ? ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಪ್ರತಿ ವರ್ಷ ಫೆಬ್ರುವರಿಯಲ್ಲಿ ಅಲ್ಲಿ ಜಯಂತಿ ನಡೆಯುತ್ತದೆ. ದೂರದೂರದ ತಾಂಡಾಗಳಿಂದ ಕಾಲ್ನಡಿಗೆಯಲ್ಲಿ ಬರುವ ಬಂಜಾರರು ಒಟ್ಟಾಗಿ ಹಾಡುತ್ತಾರೆ. ಊರೂರಿನ ಭಜನಾ ಮೇಳಗಳಲ್ಲಿಯೂ ಇದೇ ಕಾಣುತ್ತದೆ. ಒಬ್ಬನ ದನಿ ಬಿದ್ದರೆ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಬಿದ್ದವನನ್ನು ಯಾರೂ ಹಂಗಿಸುವುದಿಲ್ಲ.

ಹತ್ತು ನಿಮಿಷದ ಅಭ್ಯಾಸ

ಬೀಸುಕಲ್ಲು ಹೋಯಿತು, ಮಿಕ್ಸರ್ ಬಂತು. ಆದರೆ ಹಾಡು ಉಳಿದಿದೆ. ಅದನ್ನು ಆಲಿಸುವ ಅಭ್ಯಾಸವನ್ನು ದಿನಕ್ಕೆ ಹತ್ತು ನಿಮಿಷದಲ್ಲಿ ಮಾಡಿಕೊಳ್ಳಬಹುದು.

ಮೊದಲು ಹಾಡಿನ ಆಯ್ಕೆ. ಶಾಸ್ತ್ರೀಯ ಸಂಗೀತವೇ ಆಗಬೇಕೆಂಬ ನಿಯಮವಿಲ್ಲ. ವಚನ ಗಾಯನ, ಭಾವಗೀತೆ, ಜಾನಪದ, ಹಳೆಯ ಚಿತ್ರಗೀತೆ, ಕೊಳಲು ಅಥವಾ ಸಿತಾರ್ ವಾದನ, ಕೇಳುವವರಿಗೆ ಹಿಡಿಸಿದ್ದು ಯಾವುದಾದರೂ ಆದೀತು. ಲಯ ನಿಧಾನವಾಗಿದ್ದರೆ ಒಳ್ಳೆಯದು. ಮನಸ್ಸು ಬಹಳ ಕದಡಿದ್ದಾಗ ಒಮ್ಮೆಗೇ ಶಾಂತ ಸಂಗೀತ ರುಚಿಸದು. ಆಗ ಮೊದಲು ಆ ಹೊತ್ತಿನ ಮನಸ್ಥಿತಿಗೆ ಹೊಂದುವ ಹಾಡಿನಿಂದ ಆರಂಭಿಸಿ, ಆಮೇಲೆ ನಿಧಾನ ಗತಿಯದಕ್ಕೆ ಬರುವುದು ಲೇಸು. ಸಂಗೀತ ಚಿಕಿತ್ಸಕರೂ ಇದೇ ಕ್ರಮವನ್ನು ಬಳಸುತ್ತಾರೆ.

ಹಾಡನ್ನು ಮೊದಲೇ ಮೊಬೈಲಿಗೆ ಇಳಿಸಿಟ್ಟುಕೊಂಡರೆ ಜಾಹೀರಾತಿನ ಕಾಟ ತಪ್ಪುತ್ತದೆ. ಸಂದೇಶಗಳು ಬಾರದಂತೆ ಇಂಟರ್ನೆಟ್ ನಿಲ್ಲಿಸಿ, ಮೊಬೈಲನ್ನು ಮಗುಚಿ ಇಡಬೇಕು. ಬೆನ್ನು ನೆಟ್ಟಗೆ, ಆದರೆ ಬಿಗಿಯಾಗದಂತೆ ಕುಳಿತು, ಎರಡು ಮೂರು ಸಲ ಉಸಿರನ್ನು ನಿಧಾನವಾಗಿ ಹೊರಬಿಟ್ಟು ಹಾಡು ಆರಂಭಿಸಬೇಕು.

ಒಂದು ಸಲಕ್ಕೆ ಒಂದೇ ಎಳೆಯನ್ನು ಹಿಡಿಯುವುದು ಸುಲಭ. ಇಂದು ತಬಲದ ಪೆಟ್ಟು, ನಾಳೆ ಕೊಳಲಿನ ಎಳೆ, ನಾಡಿದ್ದು ಗಾಯಕ ಉಸಿರು ತೆಗೆದುಕೊಳ್ಳುವ ಜಾಗ. ಎಷ್ಟೋ ಸಲ ಕೇಳಿದ ಹಾಡಿನಲ್ಲೇ ಇದುವರೆಗೆ ಕಿವಿಗೆ ಬೀಳದ ತಂಬೂರಿಯ ಶ್ರುತಿ ಆಗ ಕೇಳಿಸುತ್ತದೆ.

ಇನ್ನು ಮುಖ್ಯವಾದ ಘಟ್ಟ. ಒಂದು ನಿಮಿಷವೂ ಕಳೆಯುವುದರೊಳಗೆ ಮನಸ್ಸು ಹಾಡನ್ನು ಬಿಟ್ಟು ಓಡಿಹೋಗಿರುತ್ತದೆ. ನಾಳೆಯ ಗಣಿತ ಪರೀಕ್ಷೆ, ಗೆಳತಿ ಆಡಿದ ಮಾತು, ಫೀಸಿನ ಚಿಂತೆ, ಎಲ್ಲಿಗೋ ಹೋಗಿರುತ್ತದೆ. ಇದು ಎಲ್ಲರಿಗೂ ಆಗುತ್ತದೆ. ಓಡಿಹೋಗಿದ್ದು ಗೊತ್ತಾದ ಕೂಡಲೇ ‘ಛೇ, ಇದೂ ನನ್ನ ಕೈಲಾಗಲ್ಲ’ ಎಂದು ಬೈದುಕೊಳ್ಳುವುದು ರೂಢಿ. ಹಾಗೆ ಮಾಡಬಾರದು. ತಪ್ಪು ಹೆಜ್ಜೆಯಿಟ್ಟ ಮಗುವನ್ನು ಅಜ್ಜಿ ಕೈಹಿಡಿದು ಕರೆತರುವಂತೆ ಮನಸ್ಸನ್ನು ಸುಮ್ಮನೆ ಹಾಡಿಗೆ ಕರೆತರಬೇಕು. ಹತ್ತು ನಿಮಿಷದಲ್ಲಿ ಇಪ್ಪತ್ತು ಸಲ ಓಡಿದರೆ ಇಪ್ಪತ್ತು ಸಲ ಕರೆತಂದರಾಯಿತು.

ಅಭ್ಯಾಸದ ಸಾರ ಇರುವುದು ಇಲ್ಲಿಯೇ. ಮನಸ್ಸು ಓಡದಂತೆ ಕಟ್ಟಿಹಾಕುವುದು ಇದರ ಗುರಿಯಲ್ಲ. ತಪ್ಪಿದಾಗ ಬೈಯದೆ ಮರಳುವುದನ್ನು ಕಲಿಯುವುದೇ ಗುರಿ. ಹಾಡಿನಲ್ಲಿ ತಪ್ಪಿದರೆ ಕಳೆದುಕೊಳ್ಳುವುದೇನೂ ಇಲ್ಲ. ಆದ್ದರಿಂದ ತನ್ನ ತಪ್ಪಿನೊಡನೆ ಮೃದುವಾಗಿರುವುದನ್ನು ಕಲಿಯಲು ಇದಕ್ಕಿಂತ ಸುರಕ್ಷಿತ ಜಾಗ ಬೇರೆ ಸಿಗದು. ಇಲ್ಲಿ ಕಲಿತದ್ದು ಒಂದು ದಿನ ಉತ್ತರಪತ್ರಿಕೆಯ ಮುಂದೆಯೂ ಒದಗಿ ಬರುತ್ತದೆ.

ಹಾಡು ಮುಗಿದ ಮೇಲೆ ಥಟ್ಟನೆ ಏಳಬಾರದು. ಎರಡು ನಿಮಿಷ ಮೌನವಾಗಿರಬೇಕು. ಆಗ ಅಳು ಬಂದರೆ ಬರಲಿ, ತಡೆಯಬೇಕಿಲ್ಲ. ‘ಈಗ ನೋವಾಗುತ್ತಿದೆ. ಇಂಥ ನೋವು ಬಹಳ ಜನರಿಗೆ ಆಗಿದೆ. ಗೆಳೆಯನಿಗೆ ಹೀಗಾಗಿದ್ದರೆ ಏನು ಹೇಳುತ್ತಿದ್ದೆ?’ ಎಂದು ಮನಸ್ಸಿನಲ್ಲೇ ಕೇಳಿಕೊಂಡು, ಬಂದ ಉತ್ತರವನ್ನು ತನಗೇ ಹೇಳಿಕೊಂಡರೆ ಅಂದಿನ ಅಭ್ಯಾಸ ಮುಗಿಯಿತು.

ಸಂಗೀತ ಹಿಡಿಸದವರೂ, ಕಿವಿ ಸರಿಯಾಗಿ ಕೇಳಿಸದವರೂ ಇದರಿಂದ ಹೊರಗುಳಿಯಬೇಕಿಲ್ಲ. ಹೆಂಚಿನ ಮೇಲೆ ಬೀಳುವ ಮಳೆ, ತೋಟದ ಹಕ್ಕಿ, ಹೊಳೆಯ ನೀರು, ಇಲ್ಲವೇ ತಮ್ಮದೇ ಉಸಿರಿನ ಏರಿಳಿತ, ಗಮನವಿಡಲು ಯಾವುದಾದರೂ ನಡೆಯುತ್ತದೆ.

ತರಗತಿಯಲ್ಲೊಂದು ಪ್ರಯೋಗ

ಹೇಳಿದ್ದನ್ನೆಲ್ಲ ನಂಬಬೇಕಿಲ್ಲ, ವಿದ್ಯಾರ್ಥಿಗಳು ತಾವೇ ಪರೀಕ್ಷಿಸಬಹುದು. ಗಡಿಯಾರ ಮತ್ತು ನೋಟ್‌ಬುಕ್ ಇದ್ದರೆ ಸಾಕು. ಐದು ನಿಮಿಷ ಸುಮ್ಮನೆ ಕುಳಿತು, ಮಣಿಕಟ್ಟಿನ ನಾಡಿಯನ್ನು ಒಂದು ನಿಮಿಷ ಎಣಿಸಿ ಬರೆದುಕೊಳ್ಳಬೇಕು. ಹತ್ತು ನಿಮಿಷ ನಿಧಾನ ಲಯದ ಸಂಗೀತ ಆಲಿಸಿ ಮತ್ತೆ ಎಣಿಸಬೇಕು. ಮನಸ್ಸಿನ ಗಲಿಬಿಲಿಗೆ ಒಂದರಿಂದ ಹತ್ತರವರೆಗೆ ಅಂಕ ಕೊಟ್ಟು ಅದನ್ನೂ ದಾಖಲಿಸಬಹುದು.

ಇಷ್ಟಕ್ಕೇ ತೀರ್ಮಾನಕ್ಕೆ ಬರುವುದು ವಿಜ್ಞಾನದ ಕ್ರಮವಲ್ಲ. ಸುಮ್ಮನೆ ಕುಳಿತರೂ ನಾಡಿ ಇಳಿಯುತ್ತದೆ. ಆದ್ದರಿಂದ ಮರುದಿನ ಅದೇ ಹೊತ್ತಿಗೆ ಸಂಗೀತವಿಲ್ಲದೆ ಹತ್ತು ನಿಮಿಷ ಕುಳಿತು ಎಣಿಸಬೇಕು. ಇನ್ನೊಂದು ದಿನ ವೇಗದ ಹಾಡು ಕೇಳಿ ಎಣಿಸಬೇಕು. ಒಂದು ವಾರದ ಅಂಕಿಗಳನ್ನು ಗ್ರಾಫ್ ಹಾಳೆಯ ಮೇಲಿಟ್ಟಾಗ ಪ್ರತಿಯೊಬ್ಬರದೂ ಬೇರೆ ಬೇರೆಯಾಗಿ ಕಾಣುತ್ತದೆ. ಕೆಲವರಲ್ಲಿ ಏನೂ ವ್ಯತ್ಯಾಸ ಕಾಣದಿರಬಹುದು. ಅದೂ ಒಂದು ಫಲಿತಾಂಶವೇ. ತನಗೆ ಯಾವುದು ಒಗ್ಗುತ್ತದೆ ಎಂಬುದನ್ನು ಇನ್ನೊಬ್ಬರ ಮಾತಿನಿಂದಲ್ಲ, ತನ್ನ ನಾಡಿಯಿಂದಲೇ ತಿಳಿದಂತಾಗುತ್ತದೆ.

ಎಚ್ಚರ ಬೇಕಾದ ಕಡೆ

ಅಮೃತವಾದರೂ ಅತಿಯಾದರೆ ವಿಷ. ದುಃಖದ ಹಾಡು ಮನಸ್ಸನ್ನು ಹಗುರ ಮಾಡುವುದುಂಟು. ಆದರೆ ಅದೇ ಹಾಡನ್ನು ಗಂಟೆಗಟ್ಟಲೆ ಹಾಕಿಕೊಂಡು ಅದೇ ನೋವನ್ನು ಕೆದಕುತ್ತ ಕೂತರೆ ಗಾಯ ಮಾಯುವುದಿಲ್ಲ. ಹಾಡು ಮುಗಿದಾಗ ಮನಸ್ಸು ಮೊದಲಿಗಿಂತ ಭಾರವಾಗಿದ್ದರೆ ಆ ಹಾಡನ್ನು ಕೆಲವು ದಿನ ಬಿಡುವುದು ಜಾಣತನ. ಓದುವಾಗ ಸಾಹಿತ್ಯವಿರುವ ಹಾಡು ಹಾಕಿಕೊಳ್ಳುವುದೂ ತರವಲ್ಲ. ಹಾಡಿನ ಮಾತು ಮತ್ತು ಪುಸ್ತಕದ ಮಾತು ಮೆದುಳಿನಲ್ಲಿ ಒಂದೇ ಬಾಗಿಲಿಗೆ ನುಗ್ಗಿ ತಳ್ಳಾಡುತ್ತವೆ. ಓದಿಗೆ ಓದಿನ ಹೊತ್ತು, ಹಾಡಿಗೆ ಹಾಡಿನ ಹೊತ್ತು.

ಕಿವಿಯ ಬಗ್ಗೆಯೂ ಕಾಳಜಿ ಬೇಕು. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರು ವಾರಕ್ಕೆ 40 ಗಂಟೆ ಕೇಳುವುದಾದರೆ ಸದ್ದು 80 ಡೆಸಿಬೆಲ್ ಮೀರಬಾರದು. ಮಕ್ಕಳಿಗೆ ಈ ಮಿತಿ 75. ಇಯರ್‌ಫೋನ್ ಹಾಕಿಕೊಂಡಿದ್ದಾಗಲೂ ಪಕ್ಕದವರ ಮಾತು ಕೇಳಿಸುವಷ್ಟು ಸದ್ದು ಇರಲಿ ಎಂಬುದು ಸುಲಭದ ಅಳತೆ. ರಸ್ತೆಯಲ್ಲಿ ನಡೆಯುವಾಗ, ಸೈಕಲ್ ತುಳಿಯುವಾಗ ಇಯರ್‌ಫೋನ್ ಬೇಡವೇ ಬೇಡ.

ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆ ಇನ್ನೊಂದಿದೆ. ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯಲ್ಲಿ 13ರಿಂದ 17 ವರ್ಷದ ಮಕ್ಕಳಲ್ಲಿ ಶೇ 7.3ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಕಂಡುಬಂದಿತ್ತು. ನಲವತ್ತು ಮಕ್ಕಳ ತರಗತಿಯೆಂದರೆ ಹೆಚ್ಚುಕಡಿಮೆ ಮೂವರು. ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಸೇರದಿದ್ದರೆ, ಆಟ ಗೆಳೆತನ ಯಾವುದೂ ಬೇಡವಾದರೆ, ‘ಇದ್ದು ಏನು ಪ್ರಯೋಜನ’ ಎಂಬಂಥ ಮಾತು ಬಂದರೆ ಹಾಡು ಸಾಲದು, ವೈದ್ಯರು ಬೇಕು. ಕೊನೆಯ ಮಾತು ಬಂದರಂತೂ ಎರಡು ವಾರ ಕಾಯಬಾರದು, ಅಂದೇ ನೆರವು ಪಡೆಯಬೇಕು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ಹಗಲು ರಾತ್ರಿ ಯಾವಾಗ ಬೇಕಾದರೂ, ಹಣವಿಲ್ಲದೆ, ಕನ್ನಡದಲ್ಲೇ ಮಾತನಾಡಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬಂದು ನೋಡುವ ವ್ಯವಸ್ಥೆ ರೂಪಿಸಲಾಗಿದೆ. ಯಾವ ದಿನ ಬರುತ್ತಾರೆಂದು ಆಸ್ಪತ್ರೆಯಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ಜ್ವರಕ್ಕೆ ವೈದ್ಯರ ಬಳಿ ಹೋಗಲು ಇಲ್ಲದ ನಾಚಿಕೆ ಇದಕ್ಕೂ ಬೇಡ.

ಪಾಲಕರ ಪಾಲು

ತನ್ನನ್ನು ತಾನು ಬೈದುಕೊಳ್ಳುವ ದನಿ ಮಗುವಿಗೆ ಹುಟ್ಟಿನಿಂದ ಬಂದದ್ದಲ್ಲ. ಮನೆಯಲ್ಲಿ, ಶಾಲೆಯಲ್ಲಿ ಕೇಳಿದ ದನಿಯೇ ಕಾಲಕ್ರಮದಲ್ಲಿ ಒಳಗೆ ಸೇರಿಕೊಳ್ಳುತ್ತದೆ. ಮೃದು ದನಿಯೂ ಹಾಗೆಯೇ ಒಳಗೆ ಸೇರುತ್ತದೆ. ಎಸ್ಸೆಸ್ಸೆಲ್ಸಿ, ಪಿಯುಸಿ ಎರಡರಲ್ಲೂ ಅದೇ ವರ್ಷ ಮತ್ತೆ ಪರೀಕ್ಷೆ ಬರೆಯುವ ಅವಕಾಶವಿದೆ. ಪರೀಕ್ಷೆ ಮತ್ತೆ ಬರುತ್ತದೆ, ಮುದುಡಿದ ಮನಸ್ಸು ಅಷ್ಟು ಬೇಗ ಅರಳುವುದಿಲ್ಲ.

ಹಾಗೆಂದು ಪಾಲಕರು ಮಗನ ಮುಂದೆ ಕುಳಿತು ಉಪದೇಶ ಮಾಡಬೇಕಿಲ್ಲ. ರಾತ್ರಿ ಊಟವಾದ ಮೇಲೆ ಟಿ.ವಿ. ಆರಿಸಿ, ಇಯರ್‌ಫೋನ್ ಬಿಚ್ಚಿಟ್ಟು, ‘ನೀನು ಕೇಳೋ ಹಾಡು ಯಾವುದೋ, ನಮಗೂ ಒಂದು ಹಾಕು’ ಎಂದರೆ ಸಾಕು. ಅದು ಅಪ್ಪನಿಗೆ ಹಿಡಿಸದಿರಬಹುದು. ಆದರೂ ಪೂರ್ತಿ ಕೇಳಬೇಕು. ಮರುದಿನ ಅಪ್ಪ ತನ್ನ ಕಾಲದ ಒಂದು ಭಾವಗೀತೆಯನ್ನು ಹಾಕಲಿ, ಮಗ ಕೇಳಲಿ. ಆ ಹತ್ತು ನಿಮಿಷದಲ್ಲಿ ಅಂಕಪಟ್ಟಿಯ ಮಾತು ಎತ್ತದಿರುವುದೊಂದೇ ನಿಯಮ. ಹಾಡನ್ನು ಜೊತೆಯಾಗಿ ಆಲಿಸಿದವರು ಒಬ್ಬರ ಮಾತನ್ನು ಒಬ್ಬರು ಆಲಿಸುವ ದಿನವೂ ಬರುತ್ತದೆ. ಅಂದು ಮಗು ತನಗೆ ಯಾವ ವಿಷಯ ಅರ್ಥವಾಗುತ್ತಿಲ್ಲ, ಎಲ್ಲಿ ಭಯವಾಗುತ್ತಿದೆ ಎಂದು ತಾನಾಗಿಯೇ ಹೇಳಿಕೊಳ್ಳುತ್ತದೆ. ಕಲಿಕೆ ಮತ್ತೆ ಆರಂಭವಾಗುವುದು ಅಲ್ಲಿಂದಲೇ.